ಕೆಂಪು ಗುರಾಣಿಯ ಮನೆ: ರಾಥ್ಸ್‌ಚೈಲ್ಡ್ ಎಂಬ ಹೆಸರು ಊರೂರು ಸುತ್ತಿದ ಕಥೆ

ಎಲ್ಲರಿಗೂ ನಮಸ್ಕಾರ.

ರಾಥ್ಸ್‌ಚೈಲ್ಡ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಬಹಳ ಜನ "ದುಡ್ಡು" ಅನ್ನುತ್ತಾರೆ. ಇನ್ನು ಕೆಲವರು "ಜಗತ್ತನ್ನೇ ಆಳುವ ಮನೆತನವಂತೆ, ಫಾರ್ವರ್ಡ್ ಬಂದಿತ್ತು" ಅನ್ನುತ್ತಾರೆ. ಆ ಫಾರ್ವರ್ಡಿನ ವಿಷಯಕ್ಕೂ ಬರುತ್ತೇನೆ. ಅದಕ್ಕೆ ಸುಮಾರು 180 ವರ್ಷದ ಚರಿತ್ರೆ ಇದೆ. ಮೊದಲು ಈ ಹೆಸರು ಹುಟ್ಟಿದ ಓಣಿಗೆ ಹೋಗೋಣ. ಅಲ್ಲಿ ದುಡ್ಡು ಇರಲಿಲ್ಲ, ಕಾಲಿಡಲೂ ಜಾಗ ಇರಲಿಲ್ಲ.

ಜರ್ಮನಿಯ ಫ್ರಾಂಕ್‌ಫರ್ಟ್, ಮೈನ್ ನದಿಯ ದಡದ ವ್ಯಾಪಾರದ ಊರು. ಅಲ್ಲಿನ ಯಹೂದಿಗಳು ಮೊದಲು ಊರೊಳಗೇ, ಉಳಿದವರ ನಡುವೆಯೇ ಇದ್ದರು. 1462ರಲ್ಲಿ ನಗರಸಭೆ ಅವರನ್ನೆಲ್ಲ ಹಳೆಯ ಕೋಟೆಗೋಡೆಯ ಹೊರಗಿನ ಒಂದು ಓಣಿಗೆ ಕಳಿಸಿತು. ಓಣಿಯ ಹೆಸರು ಯೂಡೆನ್‌ಗಾಸ್ಸೆ, ಅಂದರೆ ಯಹೂದಿಗಳ ಓಣಿ. ಉದ್ದ ಸುಮಾರು 330 ಮೀಟರ್, ಅಗಲ ಮೂರು ನಾಲ್ಕು ಮೀಟರ್ ಅಷ್ಟೇ. ಮೂರು ಬಾಗಿಲು. ರಾತ್ರಿ ಹೊತ್ತು, ಭಾನುವಾರ, ಕ್ರಿಶ್ಚಿಯನ್ ಹಬ್ಬದ ದಿನ ಮೂರಕ್ಕೂ ಬೀಗ. ಶುರುವಿನಲ್ಲಿ ಅಲ್ಲಿದ್ದದ್ದು ಕೆಲವೇ ಕುಟುಂಬ. 17ನೇ ಶತಮಾನದ ಹೊತ್ತಿಗೆ ಅದೇ ಜಾಗದಲ್ಲಿ ಎರಡೂವರೆ ಮೂರು ಸಾವಿರ ಜನ ತುಂಬಿದ್ದರು. ಓಣಿಯನ್ನು ಬೆಳೆಸಲು ನಗರಸಭೆ ಬಿಡಲಿಲ್ಲ. ಹಾಗಾಗಿ ಇದ್ದ ಮನೆಯನ್ನೇ ಸೀಳಿ ಎರಡು ಮಾಡಿದರು, ಹಿತ್ತಿಲಲ್ಲಿ ಇನ್ನೊಂದು ಮನೆ ಎಬ್ಬಿಸಿದರು, ಮೇಲೆ ಮಹಡಿ ಏರಿಸಿದರು.

ಆ ಮನೆಗಳಿಗೆ ನಂಬರ್ ಇರಲಿಲ್ಲ. ಬಾಗಿಲ ಮೇಲೆ ಒಂದೊಂದು ಗುರುತು ಇತ್ತು. ಒಂದಕ್ಕೆ ಹಡಗು, ಒಂದಕ್ಕೆ ಹದ್ದು, ಒಂದಕ್ಕೆ ಬಾಣಲೆ, ಇನ್ನೊಂದಕ್ಕೆ ಕಪ್ಪು ಗುರಾಣಿ. ಜನರನ್ನು ಗುರುತಿಸಲು ಆ ಚಿಹ್ನೆಯನ್ನೇ ಹೆಸರಿಗೆ ಸೇರಿಸುತ್ತಿದ್ದರು. 16ನೇ ಶತಮಾನದಲ್ಲಿ ಇಸಾಕ್ ಎಲ್ಖಾನನ್ ಎಂಬವರು ಕೆಂಪು ಗುರಾಣಿಯ ಮನೆಯಲ್ಲಿದ್ದರು. ಜರ್ಮನ್ ಭಾಷೆಯಲ್ಲಿ ಅದು 'ರೋಟೆಸ್ ಶಿಲ್ಟ್'. ಹೆಸರು ಅಲ್ಲಿಂದ ಬಂತು. ನಮ್ಮ ಉತ್ತರ ಕರ್ನಾಟಕದಲ್ಲಿ ಬಡಿಗೇರ, ಪತ್ತಾರ, ಹೂಗಾರ ಅಂತ ಕಸುಬು ಹೆಸರಾಗಿ ನಿಂತಿದೆಯಲ್ವಾ, ಆ ಓಣಿಯಲ್ಲಿ ಬಾಗಿಲ ಮೇಲಿನ ಚಿತ್ರ ಹೆಸರಾಗಿ ನಿಂತಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮನೆ ಬದಲಾದರೆ ಈ ಹೆಸರೂ ಬದಲಾಗಬಹುದಿತ್ತು. ಓಣಿಯ ಎಷ್ಟೋ ಕುಟುಂಬಗಳಿಗೆ ಹಾಗೆಯೇ ಆಗಿದೆ. ಇಸಾಕ್ ಅವರ ವಂಶದವರೂ 17ನೇ ಶತಮಾನದಲ್ಲಿ ಕೆಂಪು ಗುರಾಣಿಯ ಮನೆ ಬಿಟ್ಟರು. ಅದೇ ಓಣಿಯಲ್ಲಿ 'ಹಿಂಟರ್‌ಪ್ಫಾನ್ನೆ' ಎಂಬ ಮನೆಗೆ ಹೋದರು. ಬಾಣಲೆ ಚಿಹ್ನೆಯ ಮನೆಯ ಹಿಂಭಾಗದ ಮನೆ ಅದು. ಲೆಕ್ಕದ ಪ್ರಕಾರ ಅವರ ಹೆಸರು ಬಾಣಲೆ ಆಗಬೇಕಿತ್ತು. ಆಗಲಿಲ್ಲ. ಬಿಟ್ಟು ಬಂದ ಮನೆಯ ಹೆಸರೇ ಅವರ ಜೊತೆ ಉಳಿಯಿತು.

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ? ಎರಡು ಕಡೆಯಿಂದ. ಒಂದು, ನಗರಸಭೆಯ ದಾಖಲೆ. ಯಹೂದಿಗಳಿಂದ ತೆರಿಗೆ ವಸೂಲಿ ಮಾಡಬೇಕಿತ್ತಲ್ಲ, ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಬರೆದಿಡುತ್ತಿದ್ದರು. ಇನ್ನೊಂದು, ಓಣಿಯ ಪಕ್ಕದಲ್ಲೇ ಇದ್ದ ಹಳೆಯ ಸ್ಮಶಾನ. ಅಲ್ಲಿನ ಎಷ್ಟೋ ಸಮಾಧಿ ಕಲ್ಲುಗಳ ಮೇಲೆ ಸತ್ತವರ ಹೆಸರಿನ ಜೊತೆ ಅವರ ಮನೆಯ ಚಿಹ್ನೆಯನ್ನೂ ಕೆತ್ತಿದ್ದಾರೆ. ಹದ್ದಿನ ಮನೆಯವರಾದರೆ ಹದ್ದು, ಹಡಗಿನ ಮನೆಯವರಾದರೆ ಹಡಗು. ಒಂದು ಚಿತ್ರ ಮನೆತನದ ಹೆಸರಾಗಿ ಮಾರ್ಪಡುವುದನ್ನು ಇಷ್ಟು ಸ್ಪಷ್ಟವಾಗಿ ಕಲ್ಲಿನ ಮೇಲೆ ನೋಡಲು ಸಿಗುವುದು ಅಪರೂಪ.

ಈ ಓಣಿಯವರ ಬದುಕು ಎಷ್ಟು ಅಭದ್ರವಾಗಿತ್ತು ಅಂತ ಹೇಳದೆ ಮುಂದೆ ಹೋಗಲಾರೆ. 1614ರ ಆಗಸ್ಟ್‌ನಲ್ಲಿ ವಿನ್ಸೆನ್ಸ್ ಫೆಟ್‌ಮಿಲ್ಖ್ ಎಂಬವನ ಹಿಂದೆ ಹೊರಟ ಗುಂಪು ಓಣಿಗೆ ನುಗ್ಗಿ ಲೂಟಿ ಮಾಡಿತು. ಯಹೂದಿಗಳನ್ನೆಲ್ಲ ಊರಿಂದ ಓಡಿಸಿದರು. 1616ರಲ್ಲಿ ಚಕ್ರವರ್ತಿಯ ಆಜ್ಞೆಯ ಮೇರೆಗೆ ಫೆಟ್‌ಮಿಲ್ಖ್‌ಗೆ ಮರಣದಂಡನೆ ಆಯಿತು, ಯಹೂದಿಗಳು ಓಣಿಗೆ ಮರಳಿದರು. ಆ ದಿನವನ್ನು ಫ್ರಾಂಕ್‌ಫರ್ಟಿನ ಯಹೂದಿಗಳು ತಲೆತಲಾಂತರ ಹಬ್ಬವಾಗಿ ಆಚರಿಸಿದರು. ಆದರೆ ಮರಳಿ ಬಂದಾಗ ಹೊಸ ನಿಯಮಗಳೂ ಬಂದವು. ಓಣಿಯಲ್ಲಿ 500 ಕುಟುಂಬಕ್ಕಿಂತ ಜಾಸ್ತಿ ಇರುವಂತಿಲ್ಲ. ವರ್ಷಕ್ಕೆ 12 ಮದುವೆಗಷ್ಟೇ ಅನುಮತಿ. ಯೋಚಿಸಿ ನೋಡಿ, ಮೂರು ಸಾವಿರ ಜನರ ಕೇರಿಯಲ್ಲಿ ವರ್ಷಕ್ಕೆ 12 ಮದುವೆ! ಮದುವೆಯಾಗಿ ಸಂಸಾರ ಹೂಡಬೇಕು ಅಂದರೆ ಎಷ್ಟೋ ಯುವಕರು ಊರೇ ಬಿಡಬೇಕಾಯಿತು. ಹೆಸರುಗಳು ಓಣಿಯಿಂದ ಹೊರಗೆ ಹರಡಲು ಇದೊಂದು ದೊಡ್ಡ ಕಾರಣ.

ಹಾಗೆ ಹರಡಿದ ಹೆಸರುಗಳಲ್ಲಿ ಒಂದೆರಡನ್ನು ಹೇಳುತ್ತೇನೆ. ಹಡಗಿನ ಚಿಹ್ನೆಯ ಹೆಸರು ಷಿಫ್. ಫ್ರಾಂಕ್‌ಫರ್ಟಿನಲ್ಲಿ 1847ರಲ್ಲಿ ಹುಟ್ಟಿದ ಜೇಕಬ್ ಷಿಫ್ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ದೊಡ್ಡ ಬ್ಯಾಂಕರ್ ಆದರು. ಕಪ್ಪು ಗುರಾಣಿಯ ಹೆಸರು ಶ್ವಾರ್ಟ್ಸ್‌ಶಿಲ್ಟ್. ವಿಜ್ಞಾನ ಓದಿದವರಿಗೆ ಇದು ಗೊತ್ತಿರಬೇಕು. 1873ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಕಾರ್ಲ್ ಶ್ವಾರ್ಟ್ಸ್‌ಶಿಲ್ಟ್ ಮೊದಲ ಮಹಾಯುದ್ಧದ ಸೈನ್ಯದಲ್ಲಿದ್ದಾಗಲೇ, 1915ರಲ್ಲಿ, ಐನ್‌ಸ್ಟೈನರ ಸಮೀಕರಣಗಳಿಗೆ ಮೊದಲ ನಿಖರ ಉತ್ತರ ಕೊಟ್ಟರು. ಕಪ್ಪುಕುಳಿಯ ಗಾತ್ರ ಹೇಳುವಾಗ ಇವತ್ತಿಗೂ 'ಶ್ವಾರ್ಟ್ಸ್‌ಶಿಲ್ಟ್ ತ್ರಿಜ್ಯ' ಅನ್ನುತ್ತಾರೆ. ಒಂದು ಇಕ್ಕಟ್ಟಿನ ಓಣಿಯ ಬಾಗಿಲ ಗುರುತು ಆಕಾಶದ ಲೆಕ್ಕಾಚಾರಕ್ಕೆ ಹೋಗಿ ಸೇರಿದೆ. ನನಗಂತೂ ಇದು ರಾಥ್ಸ್‌ಚೈಲ್ಡ್‌ಗಳ ಸಿರಿವಂತಿಕೆಗಿಂತ ದೊಡ್ಡ ಕಥೆ.

ಈಗ ಆ ಮನೆತನದವರ ವಿಷಯ. ಮೇಯರ್ ಆಮ್ಷೆಲ್ ಹುಟ್ಟಿದ್ದು 1744ರಲ್ಲಿ, ಇದೇ ಓಣಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹ್ಯಾನೋವರ್ ಊರಿನ ಒಂದು ಬ್ಯಾಂಕಿನ ಮನೆಯಲ್ಲಿ ಕೆಲಸ ಕಲಿತು ವಾಪಸ್ ಬಂದರು. ಹಳೆಯ ನಾಣ್ಯ, ಪದಕಗಳ ವ್ಯಾಪಾರ ಶುರು ಮಾಡಿದರು. ನಾಣ್ಯ ಸಂಗ್ರಹದ ಹುಚ್ಚಿದ್ದ ಹೆಸ್ಸೆ ಪ್ರಾಂತದ ರಾಜಕುಮಾರ ವಿಲ್ಹೆಲ್ಮ್ ಗಿರಾಕಿಯಾದ. 1769ರಲ್ಲಿ ಅವನ ಆಸ್ಥಾನದ ವರ್ತಕ ಎಂಬ ಬಿರುದು ಸಿಕ್ಕಿತು. ಮುಂದಿನ ವರ್ಷ ಗುಟ್ಲೆ ಶ್ನಾಪರ್ ಅವರ ಜೊತೆ ಮದುವೆ. ಉಳಿದು ಬೆಳೆದ ಮಕ್ಕಳು ಹತ್ತು: ಐದು ಗಂಡು, ಐದು ಹೆಣ್ಣು. ಆಮೇಲೆ ಅವರು ಕೊಂಡ ಮನೆಯ ಚಿಹ್ನೆ ಹಸಿರು ಗುರಾಣಿ! ಅಷ್ಟು ಹೊತ್ತಿಗೆ ಹೆಸರು ಗಟ್ಟಿಯಾಗಿತ್ತು, ಯಾರೂ ಬದಲಿಸಲಿಲ್ಲ.

ಐದು ಗಂಡುಮಕ್ಕಳು ಐದು ಊರಿಗೆ ಹಂಚಿಹೋಗಿ ಬ್ಯಾಂಕ್ ನಡೆಸಿದರು. ಮೊದಲು ಹೊರಟದ್ದು ನೇಥನ್, 1790ರ ದಶಕದ ಕೊನೆಯಲ್ಲಿ. ಮ್ಯಾಂಚೆಸ್ಟರ್‌ಗೆ ಹೋಗಿ ಬಟ್ಟೆ ವ್ಯಾಪಾರ ಮಾಡಿ ಆಮೇಲೆ ಲಂಡನ್ನಿನಲ್ಲಿ ನೆಲೆಯಾದರು. ಜೇಮ್ಸ್ ಪ್ಯಾರಿಸ್‌ಗೆ ಹೋದರು. ಸಲೊಮನ್ ವಿಯೆನ್ನಾಕ್ಕೆ, ಕಾರ್ಲ್ ನೇಪಲ್ಸ್‌ಗೆ 1820ರ ಆಸುಪಾಸಿನಲ್ಲಿ ಹೊರಟರು. ಹಿರಿಯ ಮಗ ಆಮ್ಷೆಲ್ ಫ್ರಾಂಕ್‌ಫರ್ಟಿನಲ್ಲೇ ಉಳಿದರು. ತಾಯಿ ಗುಟ್ಲೆಯಂತೂ ಓಣಿಯ ಮನೆ ಬಿಡಲು ಒಪ್ಪಲೇ ಇಲ್ಲ. ಮಕ್ಕಳು ಯುರೋಪಿನ ರಾಜರಿಗೆ ಸಾಲ ಕೊಡುವಾಗಲೂ ಅವರು ಅಲ್ಲೇ ಇದ್ದರು. 1849ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಊರು ಬದಲಾದಂತೆ ಹೆಸರಿಗೂ ಬೇರೆ ಬೇರೆ ವೇಷ ಬಂತು. ಆಸ್ಟ್ರಿಯಾದ ಚಕ್ರವರ್ತಿ ಸಹೋದರರಿಗೆ ಗೌರವದ ಪದವಿ ಕೊಟ್ಟ, 1822ರಲ್ಲಿ ಅವರು ಬ್ಯಾರನ್ ಆದರು. ವಿಯೆನ್ನಾದಲ್ಲಿ ಹೆಸರಿನ ಮುಂದೆ 'ಫಾನ್' ಸೇರಿತು, ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ 'ದ' ಸೇರಿತು. ಉಚ್ಚಾರಣೆಯೂ ಒಂದಾಗಿ ಉಳಿಯಲಿಲ್ಲ. ಜರ್ಮನ್ನರು 'ರೋಟ್' ಮತ್ತು 'ಶಿಲ್ಟ್' ಅಂತ ಬಿಡಿಸಿ ಹೇಳುತ್ತಾರೆ. ಇಂಗ್ಲಿಷರು ಬೇರೆ ಕಡೆ ತುಂಡರಿಸಿದರು. 'ರಾಥ್ಸ್' ಒಂದು ಕಡೆ, 'ಚೈಲ್ಡ್' ಇನ್ನೊಂದು ಕಡೆ. ನಮಗೆ ಬಂದಿದ್ದು ಇಂಗ್ಲಿಷಿನ ಮೂಲಕ, ಹಾಗಾಗಿ ಕನ್ನಡದಲ್ಲೂ ಚೈಲ್ಡ್ ಆಗಿ ಉಳಿದುಕೊಂಡಿದೆ.

ಹೆಣ್ಣುಮಕ್ಕಳ ಪಾಡು ಏನಾಯಿತು? 1812ರಲ್ಲಿ ಸಾಯುವ ಮುಂಚೆ ಮೇಯರ್ ಆಮ್ಷೆಲ್ ಬರೆಸಿದ ಉಯಿಲಿನಲ್ಲಿ ವ್ಯಾಪಾರವೆಲ್ಲ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಅದರಲ್ಲಿ ಪಾಲಿಲ್ಲ, ಲೆಕ್ಕದ ಪುಸ್ತಕ ನೋಡುವ ಹಕ್ಕೂ ಇಲ್ಲ. ಆಸ್ತಿ ಹೊರಗೆ ಹೋಗಬಾರದು ಅಂತ ಮನೆಯೊಳಗೇ ಮದುವೆಗಳು ನಡೆದವು. 1824ರಲ್ಲಿ ಜೇಮ್ಸ್ ತನ್ನ ಅಣ್ಣ ಸಲೊಮನ್ ಅವರ ಮಗಳು ಬೆಟ್ಟಿಯನ್ನು ಮದುವೆಯಾದರು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ರೂಢಿ, ಆದರೆ ಚಿಕ್ಕಪ್ಪನಿಗೆ? ನಮ್ಮ ಅಜ್ಜಿಯಂದಿರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಷ್ಟೆಲ್ಲ ಕಾಪಾಡಿಕೊಂಡರೂ ಹೆಸರು ಹುಟ್ಟಿದ ಊರಿನಲ್ಲೇ ಅದು ಕೊನೆಯಾಯಿತು. 1901ರಲ್ಲಿ ಫ್ರಾಂಕ್‌ಫರ್ಟಿನ ವಿಲ್ಹೆಲ್ಮ್ ಕಾರ್ಲ್ ಗಂಡುಮಕ್ಕಳಿಲ್ಲದೆ ತೀರಿಕೊಂಡರು. ಅಲ್ಲಿನ ಬ್ಯಾಂಕ್ ಮುಚ್ಚಿತು. ಕೊನೆಗೆ ಹೆಸರನ್ನು ಆ ಊರಿನಲ್ಲಿ ಉಳಿಸಿದ್ದು ಅಳಿಯ. ಮಗಳು ಮಿನ್ನಾಳ ಗಂಡ ಮ್ಯಾಕ್ಸಿಮಿಲಿಯನ್ ಗೋಲ್ಡ್‌ಶ್ಮಿಟ್ ತನ್ನ ಹೆಸರಿಗೆ ಅದನ್ನು ಸೇರಿಸಿಕೊಂಡು ಗೋಲ್ಡ್‌ಶ್ಮಿಟ್-ರೋಟ್‌ಶಿಲ್ಟ್ ಆದರು.

ಇಂಗ್ಲೆಂಡಿನಲ್ಲಿ ಈ ಹೆಸರಿಗೆ ಇನ್ನೊಂದು ಬಾಗಿಲು ಮುಚ್ಚಿತ್ತು. ನೇಥನ್ ಅವರ ಮಗ ಲಯನೆಲ್ 1847ರಲ್ಲಿ ಲಂಡನ್ನಿನಿಂದ ಪಾರ್ಲಿಮೆಂಟಿಗೆ ಆರಿಸಿ ಬಂದರು. ಆದರೆ ಪ್ರಮಾಣವಚನದಲ್ಲಿ 'ಕ್ರೈಸ್ತನ ನಿಜವಾದ ನಂಬಿಕೆಯ ಮೇಲೆ' ಎಂಬ ಮಾತಿತ್ತು. ಯಹೂದಿಯಾಗಿ ಅದನ್ನು ಹೇಳಲಾರೆ ಅಂದರು. ಹೇಳದಿದ್ದರೆ ಕೂರುವಂತಿಲ್ಲ. ಜನ ಮತ್ತೆ ಮತ್ತೆ ಆರಿಸಿದರು, ಸಭೆ ಕೂರಿಸಲಿಲ್ಲ. ಕೊನೆಗೆ 1858ರಲ್ಲಿ ನಿಯಮ ಬದಲಾಯಿತು. ಹನ್ನೊಂದು ವರ್ಷ ಒಂದು ಮಾತಿಗೆ ಗಟ್ಟಿಯಾಗಿ ನಿಂತರು. ದುಡ್ಡಿದ್ದರೆ ಎಲ್ಲ ಬಾಗಿಲೂ ತೆರೆಯುತ್ತವೆ ಅನ್ನುವವರಿಗೆ ನಾನು ಈ ಹನ್ನೊಂದು ವರ್ಷ ತೋರಿಸುತ್ತೇನೆ.

ಈ ಮನೆತನಕ್ಕೂ ನಮ್ಮ ಕಡೆಗೂ ಸಂಬಂಧ ಇದೆಯೇ? ಎರಡು ಎಳೆಗಳಿವೆ. ಮುಂಬೈ ಕನ್ನಡಿಗರಿಗೆ ಸಸೂನ್ ಡಾಕ್ ಗೊತ್ತು, ಪುಣೆಯವರಿಗೆ ಸಸೂನ್ ಆಸ್ಪತ್ರೆ ಗೊತ್ತು. ಬಾಗ್ದಾದಿನಿಂದ ಮುಂಬೈಗೆ ಬಂದ ಯಹೂದಿ ಮನೆತನ ಅದು. ಅವರನ್ನು 'ಪೂರ್ವದ ರಾಥ್ಸ್‌ಚೈಲ್ಡ್‌ಗಳು' ಅನ್ನುತ್ತಿದ್ದರು. ಬರೀ ಮಾತಲ್ಲ, ಎರಡು ಮನೆತನಗಳು ಬೀಗರೂ ಆದವು. ಮುಂಬೈಯಲ್ಲೇ ಹುಟ್ಟಿದ ಎಡ್ವರ್ಡ್ ಸಸೂನ್ 1887ರಲ್ಲಿ ಪ್ಯಾರಿಸ್ ಶಾಖೆಯ ಅಲೀನ್ ಅವರನ್ನು ಮದುವೆಯಾದರು.

ಇನ್ನೊಂದು ಎಳೆ ಇನ್ನೂ ಹತ್ತಿರದ್ದು, ಮತ್ತು ಬಹಳ ಜನ ಊಹಿಸದೇ ಇರುವಂಥದ್ದು. ಲಯನೆಲ್ ಅವರ ಮೊಮ್ಮಗ ಚಾರ್ಲ್ಸ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರೂ ಮನಸ್ಸೆಲ್ಲ ಕೀಟಗಳ ಮೇಲಿತ್ತು. ಅದರಲ್ಲೂ ಚಿಗಟಗಳ ಮೇಲೆ. ಸುಡಾನಿನ ಶೆಂಡಿಯಲ್ಲಿ ಸಿಕ್ಕ ಒಂದು ಇಲಿ ಚಿಗಟವನ್ನು 1903ರಲ್ಲಿ ಅವರು ಮೊದಲು ವಿವರಿಸಿ ಹೆಸರಿಟ್ಟರು. ಈಜಿಪ್ಟಿನ ಪಿರಮಿಡ್ಡು ಕಟ್ಟಿಸಿದ ರಾಜ ಕಿಯೋಪ್ಸ್ ಹೆಸರಿನಿಂದ 'ಕಿಯೋಪಿಸ್' ಅಂತ ಕರೆದರು. ಪ್ಲೇಗನ್ನು ಇಲಿಯಿಂದ ಮನುಷ್ಯರಿಗೆ ದಾಟಿಸುವ ಮುಖ್ಯ ಚಿಗಟ ಇದೇ ಅಂತ ಆಮೇಲೆ ಮುಂಬೈಯಲ್ಲಿ ನಡೆದ ಸಂಶೋಧನೆಯಿಂದ ಖಚಿತವಾಯಿತು. ಮುಂಬೈಗೆ ಪ್ಲೇಗ್ ಬಂದಿದ್ದು 1896ರಲ್ಲಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆಯಲು ಆ ಪ್ಲೇಗ್ ಒಂದು ದೊಡ್ಡ ಕಾರಣ. ನಮ್ಮವರನ್ನು ಕೊಂದದ್ದು ಏನು ಅಂತ ನಮ್ಮವರಿಗೇ ಗೊತ್ತಿಲ್ಲದ ಕಾಲ ಅದು. ಆ ಸಣ್ಣ ಜೀವಿಯನ್ನು ಗುರುತಿಸಿ ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವರು ಒಬ್ಬ ರಾಥ್ಸ್‌ಚೈಲ್ಡ್. ಚಾರ್ಲ್ಸ್ ಅವರ ಮಗಳು ಮಿರಿಯಮ್ ಕೂಡ ಜೀವನವಿಡೀ ಚಿಗಟಗಳನ್ನು ಅಧ್ಯಯನ ಮಾಡಿದರು. ತಂದೆಯ ಸಂಗ್ರಹದ ಬಗ್ಗೆ ಆರು ಸಂಪುಟಗಳ ಪಟ್ಟಿ ತಂದರು, ರಾಯಲ್ ಸೊಸೈಟಿಯ ಸದಸ್ಯೆಯಾದರು. ವ್ಯಾಪಾರದ ಲೆಕ್ಕಪುಸ್ತಕ ಹೆಣ್ಣುಮಕ್ಕಳಿಗಿಲ್ಲ ಎಂದ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು ಅವರು.

ಈಗ ಆ ಫಾರ್ವರ್ಡಿನ ಕಡೆ ಬರೋಣ. 1846ರಲ್ಲಿ ಪ್ಯಾರಿಸಿನಲ್ಲಿ ಒಂದು ಸಣ್ಣ ಪುಸ್ತಿಕೆ ಅಚ್ಚಾಯಿತು. ಬರೆದವನು 'ಸೈತಾನ' ಅಂತ ಸಹಿ ಹಾಕಿದ್ದ. 1815ರ ಜೂನ್ 18ರಂದು ನೆಪೋಲಿಯನ್ ಬ್ರಿಟಿಷರ ಕಡೆಯವರಿಗೆ ಸೋತ ವಾಟರ್ಲೂ ಯುದ್ಧವನ್ನು ನೇಥನ್ ಕಣ್ಣಾರೆ ನೋಡಿ, ಬಿರುಗಾಳಿಯಲ್ಲಿ ಕಡಲು ದಾಟಿ, ಸುದ್ದಿ ಬರುವ ಮುಂಚೆ ಷೇರುಪೇಟೆಯಲ್ಲಿ ಕೋಟಿಗಟ್ಟಲೆ ಬಾಚಿದರು ಅಂತ ಅದರಲ್ಲಿತ್ತು. ನೇಥನ್ ಯುದ್ಧದ ದಿನ ಅಲ್ಲಿ ಇರಲೇ ಇಲ್ಲ. ಲಂಡನ್ನಿನಲ್ಲಿದ್ದರು. ಬ್ರಿಟಿಷ್ ಸೈನ್ಯದ ಸಂಬಳಕ್ಕೆ ಚಿನ್ನ ಹೊಂದಿಸುವ ಕೆಲಸ ಅವರದಾಗಿತ್ತು. ಯುದ್ಧ ಅಷ್ಟು ಬೇಗ ಮುಗಿದದ್ದು ಅವರ ಲೆಕ್ಕವನ್ನೇ ತಲೆಕೆಳಗು ಮಾಡಿತು. ಆದರೂ ಆ ಕಟ್ಟುಕಥೆ ಸಾಯಲಿಲ್ಲ. 1940ರಲ್ಲಿ ನಾಜಿಗಳು ಅದನ್ನೇ ಸಿನಿಮಾ ಮಾಡಿ ಜರ್ಮನಿಯಲ್ಲೆಲ್ಲ ತೋರಿಸಿದರು. ಇವತ್ತು ನಮ್ಮ ಫೋನಿಗೆ ಬರುವುದರಲ್ಲೂ ಅದೇ ಕಥೆಯ ತುಂಡುಗಳಿವೆ. ಅಲ್ಲಿ ಯುದ್ಧ ಮಾಡಿಸಿದ್ದು ಇವರೇ, ಇಲ್ಲಿ ಬೆಲೆ ಏರಿಸಿದ್ದು ಇವರೇ ಅಂತ. ಒಂದು ಹೆಸರಿನವರೆಲ್ಲ ಸೇರಿ ಗುಟ್ಟಾಗಿ ಜಗತ್ತು ನಡೆಸುತ್ತಾರೆ ಅನ್ನುವವರು, ಆ ಹೆಸರಿನ ಎಷ್ಟೋ ಜನ ಒಬ್ಬರಿಗೊಬ್ಬರು ಸಂಬಂಧಿಕರೇ ಅಲ್ಲ ಎಂಬುದನ್ನು ಬಿಟ್ಟುಬಿಡುತ್ತಾರೆ. ಕೆಂಪು ಗುರಾಣಿಯ ಹೆಸರು ಹೊತ್ತವರಲ್ಲಿ ಬಡ ದರ್ಜಿಗಳೂ ಇದ್ದರು, ಮೇಷ್ಟ್ರುಗಳೂ ಇದ್ದರು. ಬ್ಯಾಂಕಿನವರು ಅವರಲ್ಲಿ ಬೆರಳೆಣಿಕೆಯಷ್ಟು.

ಆ ಕಟ್ಟುಕಥೆಗೆ ತೆತ್ತ ಬೆಲೆ ಕೇಳಿ. 1938ರಲ್ಲಿ ನಾಜಿಗಳು ವಿಯೆನ್ನಾಕ್ಕೆ ಬಂದ ತಕ್ಷಣ ಲೂಯಿ ರಾಥ್ಸ್‌ಚೈಲ್ಡ್ ಅವರನ್ನು ಹಿಡಿದರು. ಆಸ್ತಿಯನ್ನೆಲ್ಲ ಬರೆದುಕೊಡುವವರೆಗೆ, ಸುಮಾರು ಒಂದು ವರ್ಷ, ಕೂಡಿಹಾಕಿದರು. ಫ್ರಾಂಕ್‌ಫರ್ಟಿನಲ್ಲಿ ಮುದುಕರಾಗಿದ್ದ ಗೋಲ್ಡ್‌ಶ್ಮಿಟ್-ರೋಟ್‌ಶಿಲ್ಟ್ ಅವರ ಕಲಾಸಂಗ್ರಹವನ್ನು ಕಿತ್ತುಕೊಂಡರು. ಪ್ಯಾರಿಸಿನಲ್ಲಿ ಎಲಿಜಬೆತ್ ಎಂಬ ಹೆಣ್ಣುಮಗಳಿದ್ದರು. ಹುಟ್ಟಿನಿಂದ ಕ್ಯಾಥೊಲಿಕ್. ವೈನ್ ತೋಟಗಳ ಒಡೆಯ ಫಿಲಿಪ್ ಅವರನ್ನು ಮದುವೆಯಾಗಿ ಈ ಹೆಸರು ಪಡೆದವರು. ಗಂಡನಿಂದ ದೂರವೇ ಇದ್ದರು. ಆದರೂ ಅವರನ್ನು ಬಂಧಿಸಿ ರಾವೆನ್ಸ್‌ಬ್ರುಕ್ ಎಂಬ ನಾಜಿ ಸೆರೆಶಿಬಿರಕ್ಕೆ ಸಾಗಿಸಿದರು. 1945ರ ಮಾರ್ಚ್‌ನಲ್ಲಿ, ಯುದ್ಧ ಮುಗಿಯಲು ಕೆಲವೇ ವಾರ ಇರುವಾಗ, ಅಲ್ಲೇ ಸತ್ತರು. ಆ ಓಣಿಗೂ ಅವರಿಗೂ ರಕ್ತಸಂಬಂಧವೇ ಇರಲಿಲ್ಲ. ಇದನ್ನು ಓದಿದ ಮೇಲೆ ಅಂಥ ಫಾರ್ವರ್ಡುಗಳನ್ನು ಸುಮ್ನೆ ತಮಾಷೆ ಅಂತ ಬಿಡಲು ನನಗೆ ಆಗಿಲ್ಲ.

ಓಣಿಯ ವಿಷಯ ಹೇಳಿ ಮಾತು ಮುಗಿಸುತ್ತೇನೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಹಳೆಯ ಮನೆಗಳನ್ನು ಕೆಡವಿದರು. ರಸ್ತೆಗೆ ಅಲ್ಲೇ ಹುಟ್ಟಿದ ಬರಹಗಾರ ಬ್ಯೋರ್ನೆ ಅವರ ಹೆಸರಿಟ್ಟರು, ನಾಜಿಗಳು ಅದನ್ನೂ ಕಿತ್ತುಹಾಕಿದರು. ಗುಟ್ಲೆ ಇದ್ದ ಮನೆ ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹೋಯಿತು. 1987ರಲ್ಲಿ ನಗರದ ಒಂದು ಕಚೇರಿ ಕಟ್ಟಲು ಅಗೆದಾಗ ಹಳೆಯ ಮನೆಗಳ ಅಡಿಪಾಯಗಳು ಹೊರಬಿದ್ದವು. ಉಳಿಸಬೇಕು ಅಂತ ಜನ ಗಲಾಟೆ ಮಾಡಿದರು. ಐದು ಮನೆಗಳ ಅಡಿಪಾಯ ಉಳಿಯಿತು. 1992ರಿಂದ ಅಲ್ಲಿ ಮ್ಯೂಸಿಯಂ ಇದೆ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ನಮ್ಮ ಅಡ್ಡಹೆಸರಿನ ಮೂಲವನ್ನೂ ಹೀಗೇ ಹುಡುಕಬಹುದಾ, ಸರ್?"

ಹುಡುಕಬಹುದು. ಹಳೆಯ ಕಂದಾಯದ ದಾಖಲೆಗಳಿವೆ, ಶಾಸನಗಳಿವೆ. ನೀವು ಉತ್ತರ ಕರ್ನಾಟಕದವರಾದರೆ ನಿಮಗೆ ಹೆಳವರೂ ಇದ್ದಾರೆ. ಎತ್ತು ಕಟ್ಟಿಕೊಂಡು ಊರೂರು ತಿರುಗಿ, ಮನೆಯ ಮುಂದೆ ನಿಂತು ಆ ವಂಶದ ಹಿರಿಯರ ಹೆಸರನ್ನು, ಯಾವ ಊರಿನಿಂದ ಯಾಕೆ ಬಂದರು ಎಂಬುದನ್ನು ಹೇಳಿ ಕಾಳುಕಡಿ, ಬಟ್ಟೆ ಪಡೆಯುವವರು. ಅವರ ಹತ್ತಿರ ತಲೆಮಾರುಗಳಿಂದ ಬಂದ ಬರಹದ ಕಟ್ಟುಗಳೂ ಇರುತ್ತವೆ. ಈಚೆಗೆ ಅವರ ಮಕ್ಕಳಲ್ಲಿ ಬಹಳ ಜನ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ನಿಮ್ಮ ಮನೆಗೆ ಹೆಳವರು ಬರುವ ರೂಢಿ ಇದ್ದರೆ, ಮುಂದಿನ ಸಲ ಬಂದಾಗ ಕೂರಿಸಿ ಪೂರ್ತಿ ಕೇಳಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ. ಹಿರಿಯರ ಹೆಸರಿನ ಜೊತೆ ಬಿಟ್ಟುಬಂದ ಊರಿನ ಹೆಸರನ್ನೂ ಬರೆದುಕೊಳ್ಳಿ. ಆ ಊರಿನ ದಾಖಲೆ ಹುಡುಕಲು ಅಲ್ಲಿಂದ ದಾರಿ ಸಿಗುತ್ತದೆ.